ಹುಳುಕಡ್ಡಿ ಕ್ಯಾಪ್ಸೂಲಿನ ಜೊತೆ ಇನ್ನೇನು ನುಂಗುತ್ತಿದ್ದೀರಿ?

ಜೂನಿನ ಮಳೆ ಹಿಡಿದುಕೊಂಡಿತೆಂದರೆ ನಮ್ಮ ಅಂಗಡಿಗೆ ಎರಡು ಬಗೆಯ ಗಿರಾಕಿಗಳು ಹೆಚ್ಚುತ್ತಾರೆ. ಕೆಮ್ಮಿನವರು ಎಲ್ಲರೆದುರೇ ಕೆಮ್ಮಿಕೊಂಡು ಬಂದು ಸಿರಪ್ ಕೇಳುತ್ತಾರೆ. ಹುಳುಕಡ್ಡಿಯವರು, ಅಂದರೆ ಚರ್ಮಕ್ಕೆ ಶಿಲೀಂಧ್ರ (ಫಂಗಸ್) ಹತ್ತಿ ತುರಿಕೆಯಾದವರು, ಹಾಗಲ್ಲ. ಪೇಸ್ಟು, ಬ್ರಷ್ಷು ನೋಡುತ್ತ ಒಂದು ಬದಿಗೆ ನಿಂತಿದ್ದು, ಅಂಗಡಿ ಖಾಲಿಯಾದ ಮೇಲೆ ಕೌಂಟರಿಗೆ ಬಾಗಿ, "ಅದೇ... ತೊಡೆಸಂದಿ ತುರಿಕೆಗೆ ಒಂದು ಒಳ್ಳೇ ಟ್ಯೂಬ್ ಕೊಡಿ" ಅನ್ನುತ್ತಾರೆ. ಹೆಂಗಸರಾದರೆ ಎಷ್ಟೋ ಸಲ ಗಂಡನಿಗೆ ಎಂದು ಕೇಳುತ್ತಾರೆ, ಬೇಕಾಗಿರುವುದು ಅವರಿಗೇ. "ಮಾತ್ರೆನೂ ಇದೆಯಂತಲ್ಲ, ಪಕ್ಕದ ಮನೆಯವರಿಗೆ ಡಾಕ್ಟ್ರು ಬರೆದಿದ್ರಂತೆ, ಅದೂ ಒಂದು ಹತ್ತು ಕೊಟ್ಬಿಡಿ" ಅನ್ನುವುದು ಈಚಿನ ವರ್ಷಗಳ ಸೇರ್ಪಡೆ.

ಆ ಮಾತ್ರೆಯ, ಅಂದರೆ ಇಟ್ರಕೊನಜೋಲ್ ಎಂಬ ಕ್ಯಾಪ್ಸೂಲಿನ ಬಗ್ಗೆಯೇ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನಾನು ವೈದ್ಯನಲ್ಲ. ಮಲೆನಾಡಿನ ತಾಲ್ಲೂಕು ಪೇಟೆಯೊಂದರಲ್ಲಿ ಮೆಡಿಕಲ್ ಇಟ್ಟುಕೊಂಡಿರುವ ಫಾರ್ಮಾಸಿಸ್ಟ್. ಯಾರಿಗೆ ಯಾವ ಔಷಧಿ, ಎಷ್ಟು ವಾರ ಎಂಬುದು ಚೀಟಿ ಬರೆಯುವವರಿಗೆ ಬಿಟ್ಟದ್ದು. ಆದರೆ ಚೀಟಿ ಬರೆದ ಮೇಲೆ, ಕ್ಯಾಪ್ಸೂಲು ಬಾಯಿಗೆ ಬೀಳುವ ಮೊದಲು, ನಡುವೆ ಒಂದು ಜಾಗ ಇದೆ. ಅಲ್ಲಿ ನಿಂತಿರುವವನು ನಾನು. ಅಲ್ಲಿಂದ ಕಾಣುವುದು ವೈದ್ಯರಿಗೆ ಕಾಣದೆ ಹೋಗುವುದುಂಟು, ಯಾಕೆಂದರೆ ಚರ್ಮದ ಡಾಕ್ಟರ ಚೀಟಿ, ಹೃದಯದ ಡಾಕ್ಟರ ಚೀಟಿ, ಯಾವ ಚೀಟಿಯೂ ಇಲ್ಲದೆ ಒಯ್ಯುವ ಗ್ಯಾಸ್ಟ್ರಿಕ್ ಮಾತ್ರೆ, ಮೂರೂ ಒಂದೇ ಕೈಚೀಲಕ್ಕೆ ಬೀಳುವುದು ನಮ್ಮ ಕೌಂಟರಿನ ಮೇಲೆ.

ಹಿಂದೆ ಹುಳುಕಡ್ಡಿ ಅಂದರೆ ಇಷ್ಟು ದೊಡ್ಡ ವಿಷಯವಾಗಿರಲಿಲ್ಲ. ಸೀಮೆ ಅಗಸೆ ಸೊಪ್ಪು ಅರೆದು ಹಚ್ಚುತ್ತಿದ್ದರು, ಇಲ್ಲವೆ ಕ್ಲೋಟ್ರಿಮಜೋಲ್ ಟ್ಯೂಬ್ ಒಂದೆರಡು ಮುಗಿಸಿದರೆ ಹೋಗುತ್ತಿತ್ತು. ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ಅದರ ಸ್ವಭಾವವೇ ಬದಲಾಗಿದೆ. ಮೈತುಂಬ ಹರಡುತ್ತದೆ, ಮನೆಮಂದಿಗೆಲ್ಲ ಅಂಟುತ್ತದೆ, ಹೋದಂತಾಗಿ ಮತ್ತೆ ಬರುತ್ತದೆ. 2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳ ಮೂಲದ ರೋಗಿಗಳ ಚರ್ಮದಿಂದ ತೆಗೆದ ಒಂದು ಶಿಲೀಂಧ್ರವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ ಅದಕ್ಕೆ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಟರ್ಬಿನಾಫಿನ್ ಎಂಬ ಔಷಧಿ ಶಿಲೀಂಧ್ರದ ಯಾವ ಕಿಣ್ವವನ್ನು ತಡೆದು ಕೆಲಸ ಮಾಡುತ್ತದೋ, ಈ ತಳಿಗಳಲ್ಲಿ ಅನೇಕವುಗಳಲ್ಲಿ ಆ ಕಿಣ್ವದ ಜೀನೇ ಮಾರ್ಪಟ್ಟಿದೆ. ಮಾತ್ರೆ ನುಂಗಿದರೂ ಅದಕ್ಕೆ ನಾಟುವುದಿಲ್ಲ. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಆ ದೇಶದ ಮೊದಲ ಎರಡು ಪ್ರಕರಣಗಳನ್ನು ನ್ಯೂಯಾರ್ಕಿನಿಂದ ವರದಿ ಮಾಡಿತು. ಅವರಲ್ಲಿ ಒಬ್ಬರು ಹೊರದೇಶಕ್ಕೆ ಹೋದವರೇ ಅಲ್ಲ. ರಜೆಗೆ ಊರಿಗೆ ಬಂದು ಸೂಟ್‌ಕೇಸಿನಲ್ಲಿ ಟ್ಯೂಬು ತುಂಬಿಕೊಂಡು ಹೋಗುವ ನಮ್ಮವರು ಅಲ್ಲಿಯ ಡಾಕ್ಟರಿಗೆ "ನಾನು ಇಂಡಿಯಾಕ್ಕೆ ಹೋಗಿ ಬಂದೆ, ಅಲ್ಲಿ ಇಂಥಿಂಥದು ಹಚ್ಚಿದೆ" ಎಂದು ಹೇಳಿದರೆ ಅವರಿಗೆ ಅರ್ಧ ಕೆಲಸ ಉಳಿಯುತ್ತದೆ.

ಈ ಸ್ಥಿತಿಗೆ ಬಂದದ್ದರಲ್ಲಿ ನಮ್ಮಂಥ ಅಂಗಡಿಗಳ ಪಾಲು ಸಣ್ಣದಲ್ಲ. ನಾಲ್ಕೈದು ಔಷಧಿ ಕಲಸಿದ ಟ್ಯೂಬುಗಳ ಕಾಲ ಅದು. ಒಂದು ಫಂಗಸ್ಸಿಗೆ, ಒಂದೆರಡು ಬ್ಯಾಕ್ಟೀರಿಯಾಕ್ಕೆ, ಜೊತೆಗೆ ಕ್ಲೊಬೆಟಾಸೋಲ್. ಕ್ಲೊಬೆಟಾಸೋಲ್ ಅಂದರೆ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡುಗಳಲ್ಲಿ ಅತಿ ಪ್ರಬಲವಾದವುಗಳ ಸಾಲಿನದು. ಹಚ್ಚಿದ ಎರಡನೇ ದಿನಕ್ಕೆ ತುರಿಕೆ ಮಾಯ, ಕೆಂಪು ಮಾಯ. ಗಿರಾಕಿಗೆ ಖುಷಿ. ಶಿಲೀಂಧ್ರಕ್ಕೆ ಇನ್ನೂ ಖುಷಿ, ಯಾಕೆಂದರೆ ಅದನ್ನು ಎದುರಿಸಲು ಚರ್ಮ ಎಬ್ಬಿಸಿದ್ದ ಉರಿಯೂತವನ್ನೇ ಸ್ಟೀರಾಯ್ಡ್ ಮಲಗಿಸಿಬಿಟ್ಟಿರುತ್ತದೆ. ಅಂಚು ಕೆಂಪಗೆ, ನಡು ಬಿಳಿಚಿ ಉಂಗುರದಂತಿದ್ದದ್ದು ಆಕಾರ ಕಳೆದುಕೊಂಡು ಹರಡುತ್ತದೆ. ನೋಡಿದವರಿಗೆ ಹುಳುಕಡ್ಡಿ ಎಂದೇ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಸಂದಿಯಲ್ಲಿ ಬಸುರಿ ಹೊಟ್ಟೆಯ ಮೇಲಿರುವಂಥ ಗೆರೆಗಳು ಮೂಡುತ್ತವೆ, ಚರ್ಮ ತೆಳ್ಳಗಾಗಿ ನರ ಕಾಣುತ್ತದೆ. ಆ ಗೆರೆ ಮತ್ತೆ ಪೂರ್ತಿ ಹೋಗುವುದಿಲ್ಲ.

2018ರಲ್ಲಿ ಸರ್ಕಾರ ಎರಡು ಕೆಲಸ ಮಾಡಿತು. ಹಚ್ಚುವ ಸ್ಟೀರಾಯ್ಡುಗಳನ್ನು ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ 328 ಮಿಶ್ರಣ ಔಷಧಿಗಳನ್ನು ನಿಷೇಧಿಸಿತು. ಅವುಗಳಲ್ಲಿ ಈ ಜಾತಿಯ ಮುಲಾಮುಗಳೂ ಇದ್ದವು. ಕಾನೂನು ಬಂತು, ಅಭ್ಯಾಸ ಹೋಗಿಲ್ಲ. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಬರೆದಿರುವ ಹೆಸರುಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ. ಕ್ಲೊಬೆಟಾಸೋಲ್, ಬೆಕ್ಲೊಮೆಥಾಸೋನ್, ಬೀಟಾಮೆಥಾಸೋನ್, ಮೊಮೆಟಾಸೋನ್. ಇವುಗಳಲ್ಲಿ ಒಂದಿದ್ದರೂ ಹುಳುಕಡ್ಡಿಗೆ ಅದು ನಿಮ್ಮಷ್ಟಕ್ಕೆ ನೀವೇ ಹಚ್ಚಿಕೊಳ್ಳುವ ಟ್ಯೂಬಲ್ಲ.

ಇನ್ನು ಕ್ಯಾಪ್ಸೂಲಿಗೆ ಬರುತ್ತೇನೆ.

ಟರ್ಬಿನಾಫಿನ್ ಕೈಕೊಡಲು ಶುರುವಾದ ಮೇಲೆ ಚರ್ಮವೈದ್ಯರು ಹೆಚ್ಚು ನೆಚ್ಚಿಕೊಂಡಿರುವುದು ಇಟ್ರಕೊನಜೋಲನ್ನು. ಒಳ್ಳೆಯ ಔಷಧಿ. ಕ್ಯಾಪ್ಸೂಲನ್ನು ಬಿಚ್ಚಿ ನೋಡಿದರೆ ಒಳಗೆ ಪುಡಿ ಇರುವುದಿಲ್ಲ, ಸಾಬೂದಾನಿಯಂಥ ಸಣ್ಣ ಸಣ್ಣ ಉಂಡೆಗಳಿರುತ್ತವೆ. ಸಕ್ಕರೆಯ ಉಂಡೆ, ಅದರ ಮೇಲೆ ಔಷಧಿಯ ಲೇಪ. (ನೋಡಲು ಬಿಚ್ಚಬಹುದು, ನುಂಗಲು ಬಿಚ್ಚಬೇಡಿ.) ಔಷಧಿ ನೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಮೊಂಡು, ಅದು ಕರಗಬೇಕಾದರೆ ಹೊಟ್ಟೆಯ ಆಮ್ಲ ಬೇಕು, ಜೊತೆಗೆ ಊಟ ಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅದರ ಬಹುಪಾಲು ರಕ್ತಕ್ಕೆ ಸೇರದೆ ಹಾಗೇ ಕೆಳಗೆ ಹೋಗುತ್ತದೆ. ಆದ್ದರಿಂದ ತುಂಬು ಊಟ ಆದ ಕೂಡಲೇ, ಎದ್ದು ಕೈತೊಳೆದು ಬಂದು ನುಂಗಬೇಕು. ಎರಡು ಬಿಸ್ಕತ್ತು, ಒಂದು ಲೋಟ ಕಾಫಿ ಊಟವಲ್ಲ. ಸೋಮವಾರ, ಏಕಾದಶಿ ಎಂದು ಒಪ್ಪೊತ್ತು ಮಾಡುವವರು ಆ ದಿನ ಯಾವ ಹೊತ್ತು ಸರಿಯಾಗಿ ಉಣ್ಣುತ್ತಾರೋ ಆ ಹೊತ್ತಿಗೆ ಇಟ್ಟುಕೊಳ್ಳುವುದು ಮೇಲು. ದ್ರವರೂಪದ ಇಟ್ರಕೊನಜೋಲಿಗೆ ಇದು ಉಲ್ಟಾ, ಅದು ಖಾಲಿ ಹೊಟ್ಟೆಗೆ. ನಮ್ಮ ಕಡೆ ಅದು ಅಪರೂಪ.

ಈಗ ಗ್ಯಾಸ್ಟ್ರಿಕ್ ಮಾತ್ರೆ. ನಮ್ಮೂರಲ್ಲಿ ಬೆಳಿಗ್ಗೆ ಎದ್ದವರು ಹಲ್ಲುಜ್ಜುವ ಮೊದಲು ಪ್ಯಾಂಟೊಪ್ರಜೋಲ್ ನುಂಗುತ್ತಾರೆ. ವರ್ಷಗಟ್ಟಲೆ. ಯಾವತ್ತೋ ಒಂದು ಸಲ ಹೊಟ್ಟೆ ಉರಿದಾಗ ಬರೆದುಕೊಟ್ಟದ್ದು, ಆಮೇಲೆ ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಅದರ ಕೆಲಸ ಹೊಟ್ಟೆಯ ಆಮ್ಲ ನಿಲ್ಲಿಸುವುದು. ಆಮ್ಲ ನಿಂತರೆ ಇಟ್ರಕೊನಜೋಲ್ ಕರಗುವುದಿಲ್ಲ. ಒಂದು ಕೈಯಲ್ಲಿ ದುಬಾರಿ ಕ್ಯಾಪ್ಸೂಲು ಕೊಂಡು, ಇನ್ನೊಂದು ಕೈಯಲ್ಲಿ ಅದರ ಬಾಗಿಲು ಮುಚ್ಚಿದಂತಾಯಿತು. "ತಿಂಗಳು ತಗೊಂಡ್ರೂ ಕಡಿಮೆ ಆಗ್ಲಿಲ್ಲ" ಎಂದು ಬರುವವರನ್ನು ನಾನು ಮೊದಲು ಕೇಳುವುದು ಇದನ್ನೇ. ಎಷ್ಟೋ ಜನರಿಗೆ ಅದು ಮಾತ್ರೆ ಎಂದೇ ಲೆಕ್ಕವಿಲ್ಲ. "ಬೇರೆ ಏನಾದ್ರೂ ಔಷಧಿ ತಗೊಳ್ತೀರಾ?" ಅಂದರೆ "ಏನೂ ಇಲ್ಲ" ಅನ್ನುತ್ತಾರೆ. "ಗ್ಯಾಸ್ಟ್ರಿಕ್‌ಗೆ?" ಅಂದರೆ "ಅದು ದಿನಾ ಇದ್ದೇ ಇದೆಯಲ್ಲ."

ಅದಕ್ಕಿಂತ ಹೆಚ್ಚು ದಿಗಿಲಿನ ಸಂಗತಿ, ನಮ್ಮಲ್ಲಿ ಬಹಳ ಖರ್ಚಾಗುವುದು ಬರಿಯ ಪ್ಯಾಂಟೊಪ್ರಜೋಲ್ ಅಲ್ಲ, ಡೊಂಪೆರಿಡೋನ್ ಸೇರಿಸಿದ್ದು. ವಾಂತಿ, ಹೊಟ್ಟೆ ತೊಳೆಸುವುದಕ್ಕೆ ಕೊಡುವ ಡೊಂಪೆರಿಡೋನ್ ಹೆಚ್ಚಾದರೆ ಹೃದಯದ ವಿದ್ಯುತ್ ಲಯವನ್ನು ಕೆಡಿಸಬಲ್ಲದು. ಇಟ್ರಕೊನಜೋಲ್ ದೇಹದಲ್ಲಿರುವಾಗ ಡೊಂಪೆರಿಡೋನ್ ಹೊರಹೋಗುವುದು ನಿಧಾನವಾಗಿ ಅದರ ಪ್ರಮಾಣ ಏರುತ್ತದೆ. ಇವೆರಡನ್ನೂ ಒಟ್ಟಿಗೆ ಕೊಡಬಾರದು ಎಂದು ಇಟ್ರಕೊನಜೋಲಿನ ಮಾಹಿತಿ ಪತ್ರದಲ್ಲೇ ಇರುತ್ತದೆ. ಒಂದೇ ಗ್ಯಾಸ್ಟ್ರಿಕ್ ಕ್ಯಾಪ್ಸೂಲಿನಲ್ಲಿ ಎರಡು ತೊಂದರೆ: ಒಂದು ಹುಳುಕಡ್ಡಿ ಔಷಧಿಯನ್ನು ಕೆಡಿಸುತ್ತದೆ, ಇನ್ನೊಂದನ್ನು ಹುಳುಕಡ್ಡಿ ಔಷಧಿ ಕೆಡಿಸುತ್ತದೆ. ಹೊಟ್ಟೆಯುರಿ ನಿಜವಾಗಿ ಇರುವವರು ಚೀಟಿ ಬರೆದವರಿಗೇ ಅದನ್ನು ಹೇಳಬೇಕು, ಬೇರೆ ದಾರಿಗಳಿವೆ. ಬಾಟಲಿಯ ಗುಲಾಬಿ ಆ್ಯಂಟಾಸಿಡ್ ಕುಡಿಯುವವರಾದರೆ ಕ್ಯಾಪ್ಸೂಲಿಗೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇರಲಿ.

ಇಷ್ಟೊಂದು ಔಷಧಿಗಳ ಜೊತೆ ಇದಕ್ಕೇಕೆ ಜಗಳ? ಶಿಲೀಂಧ್ರ ತನ್ನ ಕೋಶದ ಪೊರೆ ಕಟ್ಟಿಕೊಳ್ಳಲು ಎರ್ಗೊಸ್ಟೆರಾಲ್ ಎಂಬ ಕೊಬ್ಬನ್ನು ತಯಾರಿಸುತ್ತದೆ. ಆ ತಯಾರಿಯ ಒಂದು ಹಂತದ ಕಿಣ್ವವನ್ನು ಇಟ್ರಕೊನಜೋಲ್ ತಡೆಯುತ್ತದೆ. ಆ ಕಿಣ್ವದ ದಾಯಾದಿಯೊಂದು ನಮ್ಮ ಯಕೃತ್ತಿನಲ್ಲೂ ಕರುಳಿನಲ್ಲೂ ಇದೆ, ಸಿವೈಪಿ3ಎ4 ಎಂದು ಅದರ ಹೆಸರು. ನಾವು ನುಂಗುವ ಔಷಧಿಗಳಲ್ಲಿ ದೊಡ್ಡದೊಂದು ಪಾಲನ್ನು ಒಡೆದು ಹೊರಹಾಕುವುದು ಅದೇ. ಇಟ್ರಕೊನಜೋಲ್ ಅದನ್ನೂ ಬಲವಾಗಿ ತಡೆಯುತ್ತದೆ. ಆಗ ದಿನವೂ ನುಂಗುವ ಹಳೆಯ ಮಾತ್ರೆ ಅದೇ ಅಳತೆಯಲ್ಲಿದ್ದರೂ ಒಳಗೆ ಅದರ ಪ್ರಮಾಣ ಏರುತ್ತ ಹೋಗುತ್ತದೆ.

ಕೊಲೆಸ್ಟ್ರಾಲಿನ ಸಿಮ್ವಾಸ್ಟಾಟಿನ್ ಇದರ ಜೊತೆ ಸಲ್ಲದು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅಟೋರ್ವಾಸ್ಟಾಟಿನ್ ಕೂಡ ಏರುತ್ತದೆ. ಹೃದಯಾಘಾತ ಆದವರಿಗೆ ಅದನ್ನು ದೊಡ್ಡ ಪ್ರಮಾಣದಲ್ಲೇ ಬರೆದಿರುತ್ತಾರೆ. ಕಾರಣವಿಲ್ಲದೆ ಮೈಕೈ ಸ್ನಾಯು ನೋವು, ಸುಸ್ತು, ಮೂತ್ರ ಕಂದು ಬಣ್ಣಕ್ಕೆ ತಿರುಗುವುದು ಕಂಡರೆ ಅದು ತೋಟದ ಕೆಲಸದ ಸುಸ್ತು ಎಂದು ಸುಮ್ಮನಿರಬಾರದು; ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟಾಗುತ್ತಿರಬಹುದು. ಬಿಪಿಯ ಅಮ್ಲೊಡಿಪಿನ್ ಏರಿದರೆ ಕಾಲು ಬಾತುಕೊಳ್ಳುತ್ತದೆ. ಹೃದಯದ ಬಡಿತದ ಬಲವನ್ನು ಇಟ್ರಕೊನಜೋಲ್ ತಾನೇ ಸ್ವಲ್ಪ ಕುಗ್ಗಿಸಬಲ್ಲದು. ಹಾಗಾಗಿ ಹೃದಯ ದುರ್ಬಲವಾಗಿ ನೀರು ತುಂಬುವ ತೊಂದರೆ ಇದ್ದವರಿಗೆ ಉಗುರಿನ ಫಂಗಸ್ಸಿನಂಥ ಸಣ್ಣ ಕಾರಣಕ್ಕೆ ಇದನ್ನು ಕೊಡುವುದಿಲ್ಲ. ಕೋರ್ಸಿನ ನಡುವೆ ಪಾದ ಊದಿದರೆ, ಅಂಗಾತ ಮಲಗಿದಾಗ ಉಸಿರು ಕಟ್ಟಿದರೆ, ತೂಕ ದಿಢೀರನೆ ಏರಿದರೆ ಮುಂದಿನ ಭೇಟಿಯ ತನಕ ಕಾಯುವುದು ಬೇಡ, ಅಂದೇ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆಗಳು, ಕೆಲವು ನಿದ್ರೆ ಮಾತ್ರೆಗಳು, ಗೌಟಿನ ಕೊಲ್ಚಿಸಿನ್, ಹೃದಯದ ಡಿಗಾಕ್ಸಿನ್, ಇವೆಲ್ಲವೂ ಇದೇ ಪಟ್ಟಿಯಲ್ಲಿವೆ. ಎದುರು ದಿಕ್ಕಿನಲ್ಲಿ ಕ್ಷಯದ ರಿಫಾಂಪಿಸಿನ್, ಫಿಟ್ಸಿನ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಇಟ್ರಕೊನಜೋಲನ್ನೇ ಬೇಗ ಒಡೆದುಹಾಕಿ ಅದನ್ನು ನಿಷ್ಪ್ರಯೋಜಕ ಮಾಡುತ್ತವೆ.

ಆಸ್ತಮಾದ ಇನ್‌ಹೇಲರನ್ನಂತೂ ಯಾರೂ ಹೇಳುವುದೇ ಇಲ್ಲ. "ಅದು ಎಳೆಯೋದು, ತಿನ್ನೋದಲ್ಲವಲ್ಲ." ಆದರೆ ಅದರೊಳಗಿನ ಬುಡೆಸೊನೈಡ್, ಫ್ಲುಟಿಕಾಸೋನ್ ಸ್ಟೀರಾಯ್ಡುಗಳೇ. ಶ್ವಾಸಕೋಶದಿಂದ ರಕ್ತಕ್ಕೆ ಸೇರುವ ಸ್ವಲ್ಪವನ್ನು ಒಡೆಯುವುದೂ ಅದೇ ಸಿವೈಪಿ3ಎ4. ಅದು ತಡೆಗೊಂಡರೆ, ವಾರಗಳ ಮೇಲೆ ಮುಖ ಊದಿ, ಶುಗರ್ ಏರಿ, ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ನಿಂತುಹೋದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ.

ಇನ್ನೊಂದು ವಿಷಯ ಚೀಟಿಯಲ್ಲಿ ಬರೆದಿರುವುದಿಲ್ಲ. ಕ್ಯಾಪ್ಸೂಲು ನಿಲ್ಲಿಸಿದ ಮರುದಿನಕ್ಕೆ ಈ ಜಗಳ ಮುಗಿಯುವುದಿಲ್ಲ. ರಕ್ತದಿಂದ ಔಷಧಿ ಬಹುತೇಕ ಮಾಯವಾಗಲು ಒಂದರಿಂದ ಎರಡು ವಾರ ಬೇಕು. ಚರ್ಮದಲ್ಲಿ ಇನ್ನೂ ಹೆಚ್ಚು, ಎರಡರಿಂದ ನಾಲ್ಕು ವಾರ ಉಳಿಯುತ್ತದೆ; ಉಗುರಿನಲ್ಲಿ ತಿಂಗಳುಗಟ್ಟಲೆ. ಚರ್ಮದಲ್ಲಿ ಉಳಿಯುವುದು ಒಳ್ಳೆಯದೇ, ಔಷಧಿಯ ಕೆಲಸ ಮುಂದುವರಿಯುತ್ತದೆ. ಆದರೆ ಡಾಕ್ಟರು ತಾತ್ಕಾಲಿಕವಾಗಿ ನಿಲ್ಲಿಸಿದ ಕೊಲೆಸ್ಟ್ರಾಲ್ ಮಾತ್ರೆಯನ್ನು ಯಾವಾಗ ಮತ್ತೆ ಶುರು ಮಾಡಬೇಕು ಎಂಬುದನ್ನು ಅವರನ್ನೇ ಕೇಳಬೇಕು.

ಗರ್ಭಿಣಿಯರಿಗೆ ಹುಳುಕಡ್ಡಿಗೆಂದು ಇದನ್ನು ಕೊಡುವುದಿಲ್ಲ, ಹಚ್ಚುವ ಮುಲಾಮಿನಲ್ಲೇ ನಿಭಾಯಿಸುತ್ತಾರೆ. ಮಗುವಿನ ಯೋಚನೆಯಲ್ಲಿರುವವರು ಔಷಧಿ ಮುಗಿದ ಮೇಲೂ ಎರಡು ತಿಂಗಳು ಕಾಯುವಂತೆ ಸೂಚನೆ ಇದೆ. ಹೊಸದಾಗಿ ಮದುವೆಯಾದವರನ್ನು ಅಂಗಡಿಯಲ್ಲಿ ನಿಂತು ಇದನ್ನು ಕೇಳುವುದು ನನಗೂ ಮುಜುಗರವೇ. ಕಾಗದದ ಮೇಲೆ ಬರೆದು ಕೊಡುತ್ತೇನೆ.

ಯಕೃತ್ತಿನ ಮಾತು. ಇಟ್ರಕೊನಜೋಲ್, ಟರ್ಬಿನಾಫಿನ್, ಫ್ಲುಕೊನಜೋಲ್ ಮೂರೂ ಅಪರೂಪಕ್ಕೆ ಯಕೃತ್ತಿಗೆ ಹಾನಿ ಮಾಡಬಲ್ಲವು. ಊಟ ಸೇರದಿರುವುದು, ವಾಕರಿಕೆ, ಬಲಪಕ್ಕೆ ನೋವು, ಕಣ್ಣು ಹಳದಿ, ಮೂತ್ರ ಗಾಢ ಹಳದಿ. ಇಂಥದ್ದು ಕಂಡರೆ ಮುಂದಿನ ಕ್ಯಾಪ್ಸೂಲು ನುಂಗದೆ ವೈದ್ಯರ ಹತ್ತಿರ ಹೋಗಬೇಕು, ಕಾಮಾಲೆ ಎಂದು ಸೊಪ್ಪಿನ ರಸ ಕುಡಿದು ಕಾಯುವುದಲ್ಲ. ದಿನಾ ಸಂಜೆ ಕುಡಿಯುವವರು ಚೀಟಿ ಬರೆಯುವಾಗಲೇ ಅದನ್ನು ಹೇಳಿದರೆ ಒಂದು ರಕ್ತಪರೀಕ್ಷೆ ಮಾಡಿಸಿ ಶುರು ಮಾಡುತ್ತಾರೆ. ಹೇಳುವುದಿಲ್ಲ. ನನ್ನ ಹತ್ತಿರ ಮಾತ್ರ "ಇದರ ಮೇಲೆ ಸ್ವಲ್ಪ ಹಾಕಬಹುದಾ" ಎಂದು ಕೇಳುತ್ತಾರೆ.

ಮಿಕ್ಕ ಔಷಧಿಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಟರ್ಬಿನಾಫಿನ್ ಕೆಲವರ ನಾಲಿಗೆಯ ರುಚಿಯನ್ನೇ ಕಸಿಯುತ್ತದೆ, ನಿಲ್ಲಿಸಿದರೂ ಮರಳಲು ವಾರಗಳೋ ತಿಂಗಳೋ ಹಿಡಿಯಬಹುದು. ಸಾರಿಗೆ ಉಪ್ಪು ಸಾಲದು ಎಂದು ಮನೆಯವರ ಮೇಲೆ ರೇಗುವ ಮೊದಲು ಮಾತ್ರೆಯನ್ನು ನೆನಪಿಸಿಕೊಳ್ಳಿ. ಕಾಫಿಯ ಕೆಫೀನ್ ಹೊರಹೋಗುವುದನ್ನೂ ಅದು ಕೊಂಚ ನಿಧಾನಿಸುತ್ತದೆ, ನಮ್ಮ ಜಿಲ್ಲೆಯವರಿಗೆ ತಿಳಿದಿರಲಿ. ವಾರಕ್ಕೊಂದು ನುಂಗುವ ಫ್ಲುಕೊನಜೋಲ್ ಸಾಧುವೆಂದು ಎಲ್ಲರ ನಂಬಿಕೆ. ಗ್ಲಿಮೆಪಿರೈಡ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಲ್ಲಿ ಅದು ಶುಗರನ್ನು ತೀರಾ ಇಳಿಸಬಹುದು, ರಕ್ತ ತೆಳುವಾಗಿಸುವ ವಾರ್ಫರಿನ್ ಇದ್ದವರಲ್ಲಿ ರಕ್ತಸ್ರಾವ ತರಬಹುದು. ಗ್ರೀಸಿಯೊಫುಲ್ವಿನ್ ಹಳೆಯದು, ಈಗ ಹೆಚ್ಚಾಗಿ ಮಕ್ಕಳ ತಲೆಯ ಹುಳುಕಡ್ಡಿಗೆ ಬರುತ್ತದೆ, ಎಣ್ಣೆ-ತುಪ್ಪದ ಊಟದೊಂದಿಗೆ ಚೆನ್ನಾಗಿ ಒಳಸೇರುತ್ತದೆ. 2021ರ ಕಪ್ಪು ಶಿಲೀಂಧ್ರದ ದಿನಗಳಲ್ಲಿ ಊರೆಲ್ಲ ಹುಡುಕಿದ ಆಂಫೊಟೆರಿಸಿನ್ ಬೇರೆಯೇ ಲೋಕ. ಅದು ಆಸ್ಪತ್ರೆಯಲ್ಲಿ ಮೂತ್ರಪಿಂಡ, ಪೊಟ್ಯಾಸಿಯಂ ನೋಡಿಕೊಂಡು ಡ್ರಿಪ್ಪಿನಲ್ಲಿ ಕೊಡುವಂಥದ್ದು.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವಾಗ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ತೂಗಿ ಹಾಕುವ ಅಡಿಕೆ ಬೆಳೆಗಾರರು ನಮ್ಮವರು. ಕೊಳೆ ಬಂದಮೇಲೆ ಹೊಡೆದರೆ ಆಗದು, ಒಂದು ಸುತ್ತು ಸಾಲದು ಎಂಬುದನ್ನು ಅವರಿಗೆ ಹೇಳಿಕೊಡಬೇಕಿಲ್ಲ. ಅದೇ ಮನುಷ್ಯ ತನ್ನ ತೊಡೆಯ ತುರಿಕೆ ನಿಂತ ದಿನವೇ ಕ್ಯಾಪ್ಸೂಲು ನಿಲ್ಲಿಸಿ, ಉಳಿದದ್ದನ್ನು ಮುಂದಿನ ಮಳೆಗಾಲಕ್ಕೆಂದು ಎತ್ತಿಡುತ್ತಾನೆ! ತುರಿಕೆ ನಿಲ್ಲುವುದು ಮೊದಲು, ಫಂಗಸ್ ಸಾಯುವುದು ಆಮೇಲೆ. ಮುಲಾಮನ್ನು ಬಿಲ್ಲೆಯ ನಡುವಿಗಷ್ಟೇ ಅಲ್ಲ, ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೂ ಹಚ್ಚಬೇಕು, ಏಕೆಂದರೆ ಅದು ಬೆಳೆಯುವುದು ಹೊರಗಡೆಗೆ. ಕಲೆ ಹೋದ ಮೇಲೂ ಒಂದೆರಡು ವಾರ ಮುಂದುವರಿಸಬೇಕು. ಮನೆಯಲ್ಲಿ ಇನ್ನೊಬ್ಬರಿಗಿದ್ದರೆ ಅವರದೂ ಒಟ್ಟಿಗೇ ಆಗಬೇಕು. ಟವೆಲ್ ಬೇರೆ, ಒಳಉಡುಪು ಬಿಸಿನೀರಿನಲ್ಲಿ. ಮಳೆಗಾಲದಲ್ಲಿ ಬಿಸಿಲೆಲ್ಲಿ ಎನ್ನುವವರಿಗೆ ಇಸ್ತ್ರಿಪೆಟ್ಟಿಗೆ ಇದೆ. ಅರೆಒದ್ದೆ ಜೀನ್ಸ್ ಹಾಕಿಕೊಂಡು ಬೈಕು ಹತ್ತುವ ಹುಡುಗರಿಗೆ ನನ್ನ ಈ ಮಾತು ರುಚಿಸುವುದಿಲ್ಲ. ಕೊಟ್ಟಿಗೆಯ ಕರುವಿನ ಕಣ್ಣ ಸುತ್ತ ಬೂದು ಬಿಲ್ಲೆ ಕಂಡರೆ ಪಶುವೈದ್ಯರನ್ನು ಕರೆಸಿ, ಅದೂ ಮನುಷ್ಯರಿಗೆ ಅಂಟುತ್ತದೆ.

ನಿಜಕ್ಕೂ ಹುಳುಕಡ್ಡಿಯೋ ಅಲ್ಲವೋ ಎಂಬ ಅನುಮಾನವಿದ್ದರೆ, ವಾರಗಟ್ಟಲೆ ಕ್ಯಾಪ್ಸೂಲು ನುಂಗುವ ಮೊದಲು ಚರ್ಮದ ಹೊಟ್ಟು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆ ಇದೆ. ಅಗ್ಗದ್ದು, ಬೇಗ ಮುಗಿಯುವಂಥದ್ದು. ನಮ್ಮ ಕಡೆ ಬರೆಯುವವರು ಕಡಿಮೆ. ನೀವೇ ಕೇಳಬಹುದು.

ಮಿಲಿಗ್ರಾಂ ವಿಷಯದಲ್ಲಿ ಒಂದು ಲೆಕ್ಕ ತಪ್ಪುವುದನ್ನು ಆಗಾಗ ನೋಡುತ್ತೇನೆ. ಈಗ ಸೂಪರ್ ಬಯೋಅವೈಲೆಬಲ್ ಎಂಬ ಇಟ್ರಕೊನಜೋಲ್ ಬಂದಿದೆ. ಅದರ ಮೇಲಿನ ಮಿಲಿಗ್ರಾಂ ಸಂಖ್ಯೆ 50, 65, 130 ಹೀಗಿರುತ್ತದೆ. ಸಂಖ್ಯೆ ಕಡಿಮೆ, ಆದರೆ ರಕ್ತಕ್ಕೆ ಸೇರುವ ಪಾಲು ಹೆಚ್ಚು. ಆದ್ದರಿಂದ 100ರ ಮಾಮೂಲಿ ಕ್ಯಾಪ್ಸೂಲು ಸಿಗದಿದ್ದರೆ 50ರದ್ದು ಎರಡು ಕೊಡಿ ಎಂಬ ಗಣಿತ ಇಲ್ಲಿ ನಡೆಯುವುದಿಲ್ಲ. ಎರಡೂ ಬೇರೆ ಬೇರೆ ಜಾತಿ. ಮಾಮೂಲಿ ಕ್ಯಾಪ್ಸೂಲಿನಲ್ಲೂ ಕಂಪನಿಯಿಂದ ಕಂಪನಿಗೆ ಒಳಗಿನ ಉಂಡೆಗಳ ಸಂಖ್ಯೆ, ಗಾತ್ರ ಬೇರೆ ಇರುತ್ತದೆ. ಕೋರ್ಸಿನ ನಡುವೆ ಬ್ರ್ಯಾಂಡ್ ಬದಲಾದರೆ ಡಾಕ್ಟರಿಗೆ ತಿಳಿಸಿ.

ಯಾವುದೇ ಔಷಧಿಯಿಂದ ಅಡ್ಡಪರಿಣಾಮ ಆದರೆ ರೋಗಿಯೇ ನೇರವಾಗಿ ವರದಿ ಮಾಡಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಗಾಜಿಯಾಬಾದಿನಲ್ಲಿರುವ ಭಾರತೀಯ ಫಾರ್ಮಾಕೋಪಿಯಾ ಆಯೋಗ ನಡೆಸುವ ವ್ಯವಸ್ಥೆ ಅದು. ಉಚಿತ ಸಹಾಯವಾಣಿ 1800-180-3024. ಅದಕ್ಕೆ ಕೆಲವು ವಿವರ ಬೇಕು: ಯಾವ ಔಷಧಿ, ಯಾವಾಗ ಶುರು ಮಾಡಿದ್ದು, ಏನಾಯಿತು, ಸ್ಟ್ರಿಪ್ಪಿನ ಬ್ಯಾಚ್ ನಂಬರ್ ಎಷ್ಟು. ಈ ಕೊನೆಯದ್ದೇ ಕಷ್ಟ. "ನಾಲ್ಕು ಸಾಕು, ಕತ್ತರಿಸಿ ಕೊಡಿ" ಎಂದು ಒಯ್ದ ತುಂಡಿನಲ್ಲಿ ಬ್ಯಾಚೂ ಇರುವುದಿಲ್ಲ, ಎಕ್ಸ್‌ಪೈರಿ ತಾರೀಕೂ ಇರುವುದಿಲ್ಲ, ಅದು ಅಂಗಡಿಯಲ್ಲಿ ಉಳಿದ ಇನ್ನೊಂದು ತುಂಡಿನ ಮೇಲಿರುತ್ತದೆ. ಬಿಲ್ಲಿನಲ್ಲಿ ಎರಡೂ ಅಚ್ಚಾಗಿರುತ್ತವೆ. ಬೇಡ ಅನ್ನದೆ ಕೇಳಿ ತೆಗೆದುಕೊಳ್ಳಿ. ಕೊಡಲು ಅಂಗಡಿಯವರು ಬೇಸರಿಸಿಕೊಂಡರೆ ಅದು ಅವರ ಕರ್ಮ.